ಕೆರೆ ಒಣಗಿದಾಗ ಕೋರ್ಟಿಗೆ ರಜೆ



ಕೆರೆಯ ಅಂಗಳವನ್ನು ಅಳೆಯುವುದಕ್ಕೆ ಯಾವ ಕಾಲ ತಕ್ಕದ್ದು ಎಂದು ಯಾವ ಊರಿನ ನೀರಗಂಟಿಯನ್ನು ಕೇಳಿದರೂ ಉತ್ತರ ಒಂದೇ: ಏಪ್ರಿಲ್ ಕಡೆಯ ವಾರ, ತಪ್ಪಿದರೆ ಮೇ. ಆಗ ನೀರು ತೂಬಿನ ಬುಡ ಸೇರಿರುತ್ತದೆ, ಹೂಳು ಬಾಯಿ ಬಿಟ್ಟಿರುತ್ತದೆ, ಜಾಲಿಯ ನಡುವೆ ಹುದುಗಿದ್ದ ಹಳೆಯ ಗಡಿಕಲ್ಲೂ ಕಣ್ಣಿಗೆ ಬೀಳುತ್ತದೆ. ಯಾರ ಬದು ಎಷ್ಟು ಮಾರು ಕೆರೆಯೊಳಕ್ಕೆ ಇಳಿದಿದೆ, ಯಾವ ಕಾಲುವೆಯನ್ನು ಯಾರು ಮುಚ್ಚಿ ಗೋಡೆ ಎಬ್ಬಿಸಿದ್ದಾರೆ, ಎಲ್ಲಿಂದ ಬಂದ ಕೊಳವೆ ಕೆರೆಗೆ ಏನನ್ನು ಸುರಿಯುತ್ತಿದೆ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಮಳೆ ಹಿಡಿದು ನಾಲ್ಕು ಅಡಿ ನೀರು ನಿಂತಿತೆಂದರೆ ಅಷ್ಟೂ ಸಾಕ್ಷ್ಯ ನೀರಿನ ಕೆಳಗೆ.

ಅದೇ ಮೇ ತಿಂಗಳಿನಲ್ಲಿ ನಮ್ಮ ಸಿವಿಲ್ ನ್ಯಾಯಾಲಯಗಳಿಗೆ ಬೇಸಿಗೆ ರಜೆ. ಏಪ್ರಿಲಿನಲ್ಲಿ ದಾವೆ ಹೂಡಿದವರಿಗೆ ಜೂನಿನ ವಾಯಿದೆ. ಜೂನಿನಲ್ಲಿ ಎದುರು ಕಕ್ಷಿಯ ವಕೀಲರು ತಕರಾರು ಸಲ್ಲಿಸಲು ಕಾಲಾವಕಾಶ ಕೇಳುತ್ತಾರೆ. ಸ್ಥಳ ನೋಡಿ ಬರಲು ಕೋರ್ಟು ಕಮಿಷನರನ್ನು ನೇಮಿಸುವ ಹೊತ್ತಿಗೆ ನವರಾತ್ರಿ ಕಳೆದಿರುತ್ತದೆ. ಅವರು ಏರಿಯ ಮೇಲೆ ನಿಂತು ನೀರನ್ನು ನೋಡಿ ಹೋಗುತ್ತಾರೆ; ಅಳೆಯುವುದಾದರೂ ಏನನ್ನು? ತುರ್ತು ಪ್ರಕರಣಗಳಿಗೆಂದು ರಜಾ ಕಾಲದ ನ್ಯಾಯಾಧೀಶರು ಇರುತ್ತಾರೆ, ನಿಜ. ಆದರೆ ಮುತ್ತಾತನ ಕಾಲದಿಂದ ಇದ್ದ ಕೆರೆ ಈ ತಿಂಗಳೇ ಹೇಗೆ ತುರ್ತಾಯಿತು ಎಂದು ಅವರಿಗೆ ಮನದಟ್ಟು ಮಾಡಿಕೊಡುವುದರಲ್ಲೇ ರಜೆ ಮುಗಿದಿರುತ್ತದೆ.

ಈ ವಾರ ಗೊಬ್ಬರ, ಬಿತ್ತನೆ, ಕೀಟಬಾಧೆಗಳ ವಿಚಾರವನ್ನು ಬದಿಗಿಟ್ಟು ಕೋರ್ಟಿನ ವಿಚಾರವನ್ನು ಎತ್ತಿಕೊಂಡಿರುವುದಕ್ಕೆ ಕಾರಣವಿದೆ. ಸುಸ್ಥಿರ ಅಭಿವೃದ್ಧಿ ಎಂಬ ಮಾತು ಈಚೆಗೆ ಎಲ್ಲ ಸಭೆ ಸಮಾರಂಭಗಳಲ್ಲಿಯೂ ಕೇಳಿಬರುತ್ತಿದೆ. ಮಾತು ದೊಡ್ಡದು, ಅರ್ಥ ನಿಮಗೆ ಹೊಸದಲ್ಲ. ಬಿತ್ತನೆಗೆ ಎತ್ತಿಟ್ಟ ಕಾಳನ್ನು ಕುಟ್ಟಿ ಉಣ್ಣದೆ ಸಂಸಾರ ನಡೆಸುವುದು, ಅಷ್ಟೆ. ನೆಲ, ನೀರು, ಗೋಮಾಳ, ಗುಂಡುತೋಪು ಇವು ಊರಿನ ಬಿತ್ತನೆ ಕಾಳು. ಇವನ್ನು ಕಾಯುವುದಕ್ಕೆ ಕಾನೂನುಗಳಿಗೇನೂ ಕೊರತೆಯಿಲ್ಲ. 1974ರ ಜಲಮಾಲಿನ್ಯ ತಡೆ ಕಾಯ್ದೆ ಇದೆ, 1986ರ ಪರಿಸರ ಸಂರಕ್ಷಣಾ ಕಾಯ್ದೆ ಇದೆ, ನಮ್ಮ ರಾಜ್ಯದ್ದೇ ಆದ 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆ ಇದೆ. ಕೊರತೆ ಇರುವುದು ಆ ಕಾನೂನು ಹೊಲದ ಬದುವಿಗೆ ಬಂದು ಮುಟ್ಟುವ ದಾರಿಯಲ್ಲಿ. ಆ ದಾರಿ ನ್ಯಾಯಾಲಯದ ಮೂಲಕ ಹಾದುಹೋಗುತ್ತದೆ, ಮತ್ತು ಅದು ಅಲ್ಲಿಯೇ ಹೂತುಕೊಳ್ಳುತ್ತದೆ.

ಪಾಲಾರ್ ನದಿಯ ಕಥೆಯನ್ನೇ ನೋಡಿ. ಅದು ಹುಟ್ಟುವುದು ನಮ್ಮ ನಂದಿಬೆಟ್ಟದ ಸೀಮೆಯಲ್ಲಿ. ಕೋಲಾರ ಜಿಲ್ಲೆಯ ಬೇತಮಂಗಲದ ಕೆರೆಯನ್ನು ತುಂಬಿ, ಆಂಧ್ರವನ್ನು ಹಾದು ತಮಿಳುನಾಡಿನ ವೆಲ್ಲೂರು ಸೀಮೆಗೆ ಇಳಿಯುತ್ತದೆ. ಅಲ್ಲಿನ ಆಂಬೂರು, ವಾಣಿಯಂಬಾಡಿ, ರಾಣಿಪೇಟೆಗಳಲ್ಲಿ ನೂರಾರು ಚರ್ಮ ಹದಮಾಡುವ ಕಾರ್ಖಾನೆಗಳು ಎದ್ದವು. ದೇಶಕ್ಕೆ ವಿದೇಶಿ ವಿನಿಮಯ ಬಂತು, ಸಾವಿರಾರು ಜನಕ್ಕೆ ಕೆಲಸ ಸಿಕ್ಕಿತು. ಹದಮಾಡಿ ಉಳಿದ ಉಪ್ಪಿನ, ಕ್ರೋಮಿಯಂನ ನೀರು ನದಿಗೂ ಬಯಲಿಗೂ ಹರಿಯಿತು. ತೆಂಗು ಸೊರಗಿತು, ಭತ್ತ ಮೊಳೆಯಲಿಲ್ಲ, ಬಾವಿಯ ನೀರು ಬಾಯಿಗಿಡುವಂತಿರಲಿಲ್ಲ. ಅಲ್ಲಿನ ಕೃಷಿ ವಿಶ್ವವಿದ್ಯಾನಿಲಯದ ಸಂಶೋಧನ ಕೇಂದ್ರ ನಡೆಸಿದ ಸಮೀಕ್ಷೆಯ ಪ್ರಕಾರ ಸುಮಾರು 35,000 ಹೆಕ್ಟೇರ್ ಸಾಗುವಳಿ ಭೂಮಿ ಭಾಗಶಃ ಇಲ್ಲವೇ ಪೂರ್ತಿಯಾಗಿ ಕೆಟ್ಟಿತ್ತು. ಅದೇ ರಾಜ್ಯದ ದಿಂಡಿಗಲ್ ಭಾಗದ 13 ಹಳ್ಳಿಗಳಲ್ಲಿ ಎಣಿಸಿದ 467 ಬಾವಿಗಳ ಪೈಕಿ 350 ಹಾಳಾಗಿದ್ದವು.

ವೆಲ್ಲೂರಿನ ನಾಗರಿಕರ ಸಂಘಟನೆಯೊಂದು 1991ರಲ್ಲಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು. 1996ರ ಆಗಸ್ಟ್ 28ರಂದು ತೀರ್ಪು ಬಂತು. ಅದು ಸಾಮಾನ್ಯ ತೀರ್ಪಲ್ಲ. ಕೆಡಿಸಿದವನೇ ಸರಿಪಡಿಸುವ ವೆಚ್ಚವನ್ನು ತೆರಬೇಕು, ಹಾನಿಯ ಭಯ ಇರುವಾಗ ಪೂರ್ತಿ ಪುರಾವೆ ಸಿಗಲಿ ಎಂದು ಕಾಯುತ್ತ ಕೂರಬಾರದು, ತನ್ನ ಉದ್ಯಮದಿಂದ ಹಾನಿಯಿಲ್ಲ ಎಂದು ತೋರಿಸುವ ಹೊಣೆ ಉದ್ಯಮಿಯದೇ ಎಂಬ ಮೂರು ಸೂತ್ರಗಳನ್ನು ಅದು ಈ ನೆಲದ ಕಾನೂನಿನ ಭಾಗವೆಂದು ಸಾರಿತು. ಸುಸ್ಥಿರ ಅಭಿವೃದ್ಧಿ ಎಂಬುದಕ್ಕೆ ನಮ್ಮ ದೇಶದ ಕೋರ್ಟುಗಳಲ್ಲಿ ಗಟ್ಟಿಯಾದ ನೆಲೆ ದೊರೆತದ್ದು ಆ ತೀರ್ಪಿನಿಂದಲೇ. ಹಾನಿಯನ್ನು ಲೆಕ್ಕ ಹಾಕಲು ಒಂದು ಪ್ರಾಧಿಕಾರ ರಚನೆಯಾಯಿತು. ಅದು 2001ರಲ್ಲಿ ಪರಿಹಾರಕ್ಕೆ ಅರ್ಹರೆಂದು ಗುರುತಿಸಿದವರ ಸಂಖ್ಯೆ 29 ಸಾವಿರದ ಮೇಲೆ. ಗೊತ್ತುಮಾಡಿದ ಪರಿಹಾರ ಸುಮಾರು 26 ಕೋಟಿ 80 ಲಕ್ಷ ರೂಪಾಯಿ. ಭಾಗಿಸಿ ನೋಡಿದರೆ ತಲೆಗೆ ಒಂಬತ್ತು ಸಾವಿರದ ಆಸುಪಾಸು. ಒಂದು ಜೊತೆ ಎತ್ತು ಬರುತ್ತಿತ್ತೋ ಇಲ್ಲವೋ.

ಕಥೆ ಅಲ್ಲಿಗೆ ಮುಗಿದಿದ್ದರೆ ಅರ್ಧ ಸಮಾಧಾನವಾದರೂ ಇರುತ್ತಿತ್ತು. 2025ರ ಜನವರಿ 30ರಂದು ಅದೇ ಸುಪ್ರೀಂ ಕೋರ್ಟು, ಅದೇ ವೆಲ್ಲೂರಿನ ಬಗ್ಗೆ, ಮತ್ತೊಂದು ದೊಡ್ಡ ತೀರ್ಪು ಕೊಡಬೇಕಾಯಿತು. ಬಾಕಿ ಉಳಿದಿರುವ ಪರಿಹಾರವನ್ನು ಆರು ವಾರಗಳೊಳಗೆ ಕೊಡಿ, ಕೊಟ್ಟದ್ದನ್ನು ಕೆಡಿಸಿದವರಿಂದ ವಸೂಲಿ ಮಾಡಿ, ನಿವೃತ್ತ ಹೈಕೋರ್ಟ್ ನ್ಯಾಯಮೂರ್ತಿಗಳ ಅಧ್ಯಕ್ಷತೆಯ ಸಮಿತಿಯೊಂದನ್ನು ನೇಮಿಸಿ ಎಂದು ರಾಜ್ಯ ಸರ್ಕಾರಕ್ಕೆ ಅಪ್ಪಣೆಯಾಯಿತು. ನೆಲ ನೀರು ಮೊದಲಿನ ಸ್ಥಿತಿಗೆ ಬರುವ ತನಕ ಕೆಡಿಸಿದವರ ಹೊಣೆ ತೀರುವುದಿಲ್ಲ ಎಂದೂ ಹೇಳಿತು. ಒಳ್ಳೆಯ ಮಾತು. ಆದರೆ ಮೊದಲ ಅರ್ಜಿಗೂ ಈ ಮಾತಿಗೂ ನಡುವೆ 34 ವರ್ಷ. 1991ರಲ್ಲಿ ನಲವತ್ತರ ಪ್ರಾಯದಲ್ಲಿದ್ದ ಬೇಸಾಯಗಾರನಿಗೆ ಈ ತೀರ್ಪಿನ ಹೊತ್ತಿಗೆ ಎಪ್ಪತ್ತನಾಲ್ಕು, ಬದುಕಿದ್ದರೆ. ಅವನ ಮಕ್ಕಳು ಆಗಲೇ ಊರು ಬಿಟ್ಟು ಕೂಲಿಗೆ ಹೋಗಿದ್ದಾರೆ.

ಇದನ್ನು ಓದಿ ನ್ಯಾಯಮೂರ್ತಿಗಳಿಗೆ ಕನಿಕರವಿಲ್ಲ ಎಂದು ತಿಳಿಯಬಾರದು. ಈ ದೇಶದಲ್ಲಿ ನದಿಗಳ, ಕಾಡುಗಳ ಪರವಾಗಿ ಅತಿ ಗಟ್ಟಿಯಾಗಿ ಮಾತನಾಡಿದವರಲ್ಲಿ ನ್ಯಾಯಮೂರ್ತಿಗಳೇ ಮುಂದು. ತೊಡಕು ಇರುವುದು ಕೋರ್ಟಿನ ಕಟ್ಟಡದ ತಳಪಾಯದಲ್ಲಿ. ನಮ್ಮ ಸಿವಿಲ್ ನ್ಯಾಯಪದ್ಧತಿ ಬೆಳೆದು ಬಂದದ್ದು ಇಬ್ಬರ ನಡುವಿನ ಜಗಳಕ್ಕೆಂದು: ಸಾಲ ಕೊಟ್ಟವನು, ತೆಗೆದುಕೊಂಡವನು, ಅಣ್ಣ, ತಮ್ಮ. ಅಲ್ಲಿ ನಡೆದದ್ದು ನಡೆದುಹೋಗಿದೆ. ಹತ್ತು ವರ್ಷ ತಡವಾದರೂ ಪತ್ರದ ಮೇಲಿನ ಹೆಬ್ಬೆಟ್ಟು ಅಳಿಸುವುದಿಲ್ಲ. ಕೆರೆಯ ವ್ಯಾಜ್ಯ ಹಾಗಲ್ಲ. ವಾಯಿದೆಯಿಂದ ವಾಯಿದೆಗೆ ಮಣ್ಣು ತುಂಬುತ್ತಲೇ ಇರುತ್ತದೆ, ಕೊಳವೆ ಸುರಿಯುತ್ತಲೇ ಇರುತ್ತದೆ. ತೀರ್ಪು ಬರುವ ದಿನಕ್ಕೆ ವ್ಯಾಜ್ಯದ ವಸ್ತುವೇ ಉಳಿದಿರುವುದಿಲ್ಲ. ಮೇಲಾಗಿ ದೇಶದ ಕೆಳ ನ್ಯಾಯಾಲಯಗಳಲ್ಲಿ ನಾಲ್ಕು ಕೋಟಿಗೂ ಹೆಚ್ಚು ಪ್ರಕರಣಗಳು ತೀರ್ಮಾನವಾಗದೆ ಕುಳಿತಿವೆ. ಆ ಸಾಲಿನ ಬಾಲದಲ್ಲಿ ನಿಂತ ಕೆರೆಗೆ ಯಾವಾಗ ಪಾಳಿ ಬಂದೀತು?

ಪರಿಸರದ ಪ್ರಕರಣಗಳಿಗೆ ಬೇರೆಯೇ ನ್ಯಾಯಾಲಯ ಬೇಕು, ಅಲ್ಲಿ ನ್ಯಾಯಾಧೀಶರ ಪಕ್ಕದಲ್ಲಿ ವಿಷಯ ಬಲ್ಲ ತಜ್ಞರೂ ಕೂರಬೇಕು ಎಂದು ಸುಪ್ರೀಂ ಕೋರ್ಟೇ 1986ರಲ್ಲಿ, ದೆಹಲಿಯ ಕಾರ್ಖಾನೆಯೊಂದರ ಅನಿಲ ಸೋರಿಕೆಯ ಪ್ರಕರಣದಲ್ಲಿ, ಸೂಚಿಸಿತ್ತು. 1995ರಲ್ಲಿ ಒಂದು ಟ್ರಿಬ್ಯೂನಲ್ಲಿಗೆ ಪಾರ್ಲಿಮೆಂಟು ಕಾನೂನು ಮಾಡಿತು. ಆ ಟ್ರಿಬ್ಯೂನಲ್ ಹುಟ್ಟಲೇ ಇಲ್ಲ. 1997ರಲ್ಲಿ ಇನ್ನೊಂದು ಮೇಲ್ಮನವಿ ಪ್ರಾಧಿಕಾರ ಬಂತು. ಅದು ಹುಟ್ಟಿತು, ಬೆಳೆಯಲಿಲ್ಲ. 2003ರಲ್ಲಿ ಕಾನೂನು ಆಯೋಗ ತನ್ನ 186ನೆಯ ವರದಿಯಲ್ಲಿ ಮತ್ತೆ ಒತ್ತಿ ಹೇಳಿತು. ಕೊನೆಗೂ 2010ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಸ್ಥಾಪನೆಯಾಯಿತು. ದೆಹಲಿಯಲ್ಲಿ ಮುಖ್ಯ ಪೀಠ. ಭೋಪಾಲ, ಪುಣೆ, ಕೋಲ್ಕತ್ತ, ಚೆನ್ನೈಗಳಲ್ಲಿ ವಲಯ ಪೀಠಗಳು. ನಮ್ಮ ರಾಜ್ಯ ಸೇರುವುದು ಚೆನ್ನೈ ಪೀಠಕ್ಕೆ.

ಈ ಮಂಡಳಿಯ ವ್ಯವಸ್ಥೆಯಲ್ಲಿ ರೈತನಿಗೆ ಅನುಕೂಲವಾದದ್ದು ಬಹಳವಿದೆ, ತಿಳಿದುಕೊಳ್ಳಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಟ್ಟುಪಾಡುಗಳು ಅದಕ್ಕಿಲ್ಲ. ಅರ್ಜಿಯನ್ನು ಸಾಧ್ಯವಾದಷ್ಟೂ ಆರು ತಿಂಗಳಲ್ಲಿ ತೀರ್ಮಾನಿಸಬೇಕೆಂದು ಕಾಯ್ದೆಯೇ ಹೇಳುತ್ತದೆ. ಪರಿಹಾರ ಕೇಳದ ಅರ್ಜಿಗೆ ಶುಲ್ಕ ಒಂದು ಸಾವಿರ ರೂಪಾಯಿ. ಪರಿಹಾರ ಕೇಳಿದರೆ ಕೇಳಿದ ಮೊತ್ತಕ್ಕೆ ನೂರಕ್ಕೆ ಒಂದರಂತೆ, ಬಡತನ ರೇಖೆಯ ಕೆಳಗಿನವರಿಗೆ ಅದೂ ಇಲ್ಲ. ಪ್ರತಿ ಪೀಠದಲ್ಲೂ ನ್ಯಾಯಾಂಗದ ಸದಸ್ಯರ ಜೊತೆಗೆ ತಜ್ಞ ಸದಸ್ಯರು ಇರುತ್ತಾರೆ. ಯಾರೂ ಅರ್ಜಿ ಕೊಡದಿದ್ದರೂ ಮಂಡಳಿ ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಳ್ಳಬಹುದೆಂದು 2021ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ.

ಆದರೆ ಬೀದರ ಜಿಲ್ಲೆಯ ಔರಾದದಿಂದ ಚೆನ್ನೈ ಎಷ್ಟು ದೂರ? ಕಲಾಪ ನಡೆಯುವುದು ಇಂಗ್ಲಿಷಿನಲ್ಲಿ. ಈಗ ಕಂಪ್ಯೂಟರಿನಲ್ಲಿ ಅರ್ಜಿ ಹಾಕಬಹುದು, ಪರದೆಯ ಮೇಲೆ ವಿಚಾರಣೆಗೆ ಹಾಜರಾಗಬಹುದು ಎನ್ನುತ್ತಾರೆ. ಅದು ವಕೀಲರಿಗೆ ವರವಾಗಿದೆ, ಒಪ್ಪೋಣ. ಆದರೆ ನ್ಯಾಯಪೀಠಕ್ಕೆ ನಮ್ಮ ಮುಖ ಕಂಡರೆ ಸಾಲದು, ಕೆರೆಯೂ ಕಾಣಬೇಕು. ಮತ್ತೊಂದು ಸಂಕಟ ಕಾಲಮಿತಿಯದು. ತಕರಾರಿಗೆ ಕಾರಣವಾದ ಘಟನೆ ಮೊದಲು ನಡೆದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಬೀಳಬೇಕು; ತಕ್ಕ ಕಾರಣವಿದ್ದರೆ ಮತ್ತೆ 60 ದಿನ. ಪರಿಹಾರ ಮತ್ತು ಪುನಃಸ್ಥಾಪನೆಯ ಅರ್ಜಿಗೆ ಮಾತ್ರ ಐದು ವರ್ಷ. ಕಾರ್ಖಾನೆಯ ನೀರು ಸೇರಿದ ಮೊದಲ ದಿನ ಯಾರಿಗೂ ತಿಳಿಯುವುದಿಲ್ಲ. ಮೀನು ಸತ್ತು ತೇಲಿದಾಗ, ಎಮ್ಮೆ ಗಬ್ಬ ಹಾಕಿದಾಗ, ಕಬ್ಬಿನ ಗರಿ ಸುಟ್ಟಾಗ ತಿಳಿಯುತ್ತದೆ. ನಂತರ ಪಂಚಾಯಿತಿ, ತಹಸೀಲ್ದಾರರ ಕಚೇರಿ, ಮಾಲಿನ್ಯ ನಿಯಂತ್ರಣ ಮಂಡಳಿ ಎಂದು ಅಲೆದು ಬರುವಷ್ಟರಲ್ಲಿ ಆರು ತಿಂಗಳು ಜಾರಿರುತ್ತದೆ.

ಇನ್ನು ಒಂದೇ ಕೆರೆಗೆ ಎಷ್ಟು ಬಾಗಿಲುಗಳಿವೆ, ಎಣಿಸಿ. ಕೆರೆಗೆ ವಿಷ ಬಿಟ್ಟರೆ ಮಾಲಿನ್ಯ ನಿಯಂತ್ರಣ ಮಂಡಳಿ, ಆಮೇಲೆ ಚೆನ್ನೈ. ಕೆರೆಯನ್ನು ಒತ್ತಿದರೆ 1964ರ ಭೂಕಂದಾಯ ಕಾಯ್ದೆಯಂತೆ ತಹಸೀಲ್ದಾರರು. 2011ರ ಭೂಕಬಳಿಕೆ ನಿಷೇಧ ಕಾಯ್ದೆಯಂತಾದರೆ ಬೆಂಗಳೂರಿನ ವಿಶೇಷ ನ್ಯಾಯಾಲಯ. ತೂಬಿನ ಪಾಳಿಯಲ್ಲಿ ಮೋಸವಾದರೆ ತಾಲ್ಲೂಕಿನ ಸಿವಿಲ್ ಕೋರ್ಟು. ಅಧಿಕಾರಿ ತನ್ನ ಕೆಲಸ ಮಾಡದಿದ್ದರೆ ಹೈಕೋರ್ಟಿಗೆ ರಿಟ್ ಅರ್ಜಿ. ಒಂದೇ ದನಕ್ಕೆ ಕೊಂಬಿಗೊಬ್ಬ ವೈದ್ಯ, ಗೊರಸಿಗೊಬ್ಬ ವೈದ್ಯ ಎಂಬಂತಾಗಿದೆ. ಒತ್ತುವರಿ ಮಾಡಿದವನೇ ವಿಷವನ್ನೂ ಬಿಡುತ್ತಿದ್ದರೆ ಊರಿನವರು ಅವನ ಹಿಂದೆ ಮೂರು ಊರು ಸುತ್ತಬೇಕು.

ತೀರ್ಪಿನ ಹಣ ಎಲ್ಲಿ ಹೋಗುತ್ತದೆ ಎಂಬುದೂ ಮುಖ್ಯ. 2018ರ ಡಿಸೆಂಬರಿನಲ್ಲಿ ಬೆಳ್ಳಂದೂರು ಕೆರೆಯ ವಿಚಾರದಲ್ಲಿ ಹಸಿರು ಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಬೆಂಗಳೂರು ನಗರಪಾಲಿಕೆಗೆ 25 ಕೋಟಿ ರೂಪಾಯಿ ದಂಡ ವಿಧಿಸಿತು. ಆ ನೊರೆಯ ನೀರಿನ ಕೆಳಗಿನ ಪಾತ್ರದಲ್ಲಿ ಬೇಸಾಯ ಮಾಡುವವರೂ ತೆರಿಗೆ ಕೊಡುವವರೇ. ಸರ್ಕಾರದ ದಂಡವೆಂದರೆ ನಮ್ಮ ಬಲ ಜೇಬಿನಿಂದ ಎಡ ಜೇಬಿಗೆ.

ಬಳ್ಳಾರಿಯದು ಇದಕ್ಕಿಂತ ದೊಡ್ಡ ಪಾಠ. ಕಬ್ಬಿಣದ ಅದಿರಿನ ಅಕ್ರಮ ಗಣಿಗಾರಿಕೆ ಸಂಡೂರು, ಹೊಸಪೇಟೆಗಳ ಹೊಲಗಳ ಮೇಲೆ ಕೆಂಧೂಳು ಮೆತ್ತಿದ್ದನ್ನು ನೀವು ಕಂಡಿದ್ದೀರಿ. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆಯನ್ನೇ ನಿಲ್ಲಿಸಿತು. ಆಗಸ್ಟಿನಲ್ಲಿ ಚಿತ್ರದುರ್ಗ, ತುಮಕೂರುಗಳಿಗೂ ಅದನ್ನು ವಿಸ್ತರಿಸಿತು. 2013ರ ಏಪ್ರಿಲಿನಲ್ಲಿ ಗಣಿಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಿ, ಕೊನೆಯ ದರ್ಜೆಯವುಗಳ ಗುತ್ತಿಗೆಯನ್ನು ರದ್ದುಮಾಡಿತು. ಅದಿರಿನ ಮಾರಾಟದಿಂದ ಬಂದ ಹಣದ ಒಂದು ಪಾಲನ್ನು ಕೆಟ್ಟ ನೆಲವನ್ನು ಸರಿಪಡಿಸಲು ಎತ್ತಿಡುವಂತೆ ಮಾಡಿತು. ನ್ಯಾಯಾಲಯ ಇಷ್ಟು ಬಲವಾಗಿ ಕೈಯಿಟ್ಟದ್ದು ಈ ರಾಜ್ಯದ ಚರಿತ್ರೆಯಲ್ಲಿ ಅಪರೂಪ. ಆದರೆ ಆ ಹಣ ಬೆಳೆಯುತ್ತ ಹೋಯಿತೇ ಹೊರತು ಹೊಲಕ್ಕೆ ಇಳಿಯಲಿಲ್ಲ. ಸುಮಾರು 25 ಸಾವಿರ ಕೋಟಿ ರೂಪಾಯಿಗಳ ಪುನಶ್ಚೇತನ ಯೋಜನೆಗೆ ಕೋರ್ಟಿನ ಒಪ್ಪಿಗೆ ದೊರೆತು, ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿಯವರನ್ನು ಮೇಲುಸ್ತುವಾರಿಗೆ ನೇಮಿಸಿದ್ದು 2022ರಲ್ಲಿ. ಹನ್ನೊಂದು ವರ್ಷ ಸಂದಿತ್ತು. ಆ ನಡುವೆ ಕೆಂಪು ಹೂಳು ತುಂಬಿದ ಕೆರೆಗಳ ಅಚ್ಚುಕಟ್ಟಿನಲ್ಲಿ ಎಷ್ಟು ಬೆಳೆ ಹೋಯಿತು ಎಂಬುದನ್ನು ಯಾವ ಕೋರ್ಟೂ ಕೇಳಲಿಲ್ಲ.

ಹಾಗಾದರೆ ಆಗಬೇಕಾದದ್ದೇನು? ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮೊದಲನೆಯದು ನ್ಯಾಯಪೀಠ ಕೆರೆಯ ಬಳಿಗೆ ಬರುವುದು. ಇದು ಅತಿ ಆಸೆಯ ಮಾತಲ್ಲ. ನ್ಯಾಯಾಧೀಶರು ತಾವೇ ಸ್ಥಳ ನೋಡಬಹುದೆಂದು ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲೇ ಇದೆ; ನಡೆಯುವುದು ಅಪರೂಪ, ಅಷ್ಟೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಭೂಮಿ ಮತ್ತು ಪರಿಸರಕ್ಕೆಂದೇ ಮೀಸಲಾದ ನ್ಯಾಯಾಲಯ 1980ರಿಂದ ನಡೆಯುತ್ತಿದೆ. ಅಲ್ಲಿ ನ್ಯಾಯಾಧೀಶರ ಜೊತೆಗೆ ಎಂಜಿನಿಯರಿಕೆ, ನಗರ ಯೋಜನೆ, ಪರಿಸರ ವಿಜ್ಞಾನ ಬಲ್ಲ ಕಮಿಷನರುಗಳು ಇರುತ್ತಾರೆ. ಎಷ್ಟೋ ಪ್ರಕರಣಗಳ ವಿಚಾರಣೆ ಆರಂಭವಾಗುವುದೇ ವ್ಯಾಜ್ಯದ ಜಾಗದಲ್ಲಿ. ಎರಡೂ ಕಡೆಯವರು ಹುಲ್ಲಿನ ಮೇಲೆ ನಿಂತು ಮಾತನಾಡುತ್ತಾರೆ, ಸಾಕ್ಷಿ ಎದುರಿಗೇ ಇರುತ್ತದೆ. ಚೆನ್ನೈ ಪೀಠವೂ ವರ್ಷಕ್ಕೆ ಒಂದೆರಡು ಬಾರಿ ಕಲಬುರಗಿ, ಧಾರವಾಡ, ಮೈಸೂರುಗಳಲ್ಲಿ ಕೂತು, ಬೇಸಿಗೆಯ ಎರಡು ತಿಂಗಳನ್ನು ಸ್ಥಳ ತನಿಖೆಗೆ ಮೀಸಲಿಟ್ಟರೆ ಆಗದ ಕೆಲಸವೇನು? ಜಿಲ್ಲಾ ನ್ಯಾಯಾಲಯಗಳಲ್ಲಿ ನೆಲ ನೀರಿನ ಪ್ರಕರಣಗಳನ್ನು ಬೇರೆ ಕಟ್ಟು ಮಾಡಿ, ರಜಾ ಕಾಲದಲ್ಲೇ ಅಳತೆ ಮುಗಿಸುವಂತೆ ಪಾಳಿ ಹಾಕುವುದು ಹೈಕೋರ್ಟಿನ ಆಡಳಿತದ ಒಂದು ಸುತ್ತೋಲೆಯಿಂದ ಆಗಬಹುದಾದ ಕೆಲಸ. ಹೊಸ ಕಾನೂನು ಬೇಡ, ಹೊಸ ಕಟ್ಟಡವೂ ಬೇಡ.

ಎರಡನೆಯದು, ಮೊದಲು ತಡೆ, ಆಮೇಲೆ ವಾದ. ಫಿಲಿಪ್ಪೀನ್ಸ್ ದೇಶ ನಮ್ಮಂತೆಯೇ ಬತ್ತ ಬೆಳೆದು ಉಣ್ಣುವ ಬಡ ರೈತರ ದೇಶ. ಅಲ್ಲಿನ ಸುಪ್ರೀಂ ಕೋರ್ಟು 2008ರಲ್ಲಿ ಇದ್ದ ನ್ಯಾಯಾಲಯಗಳಲ್ಲಿಯೇ 117ನ್ನು ಪರಿಸರ ನ್ಯಾಯಾಲಯಗಳೆಂದು ಗೊತ್ತುಮಾಡಿತು. 2010ರಲ್ಲಿ ಅವಕ್ಕೆ ಬೇರೆಯೇ ನಿಯಮಗಳನ್ನು ಬರೆಯಿತು. ಅತಿ ತುರ್ತಿನಲ್ಲಿ ಎದುರು ಕಕ್ಷಿಗೆ ನೋಟೀಸು ಮುಟ್ಟುವ ಮೊದಲೇ 72 ಗಂಟೆಗಳ ಪರಿಸರ ರಕ್ಷಣೆಯ ಆಜ್ಞೆಯನ್ನು ನ್ಯಾಯಾಧೀಶರು ಹೊರಡಿಸಬಹುದು. ಆ ಮೂರು ದಿನದಲ್ಲಿ ವಿಚಾರಣೆ ನಡೆಸಿ ಮುಂದುವರಿಸಬಹುದು. ಊರಿನ ಪರವಾಗಿ ದಾವೆ ಹೂಡಿದವರು ಕೋರ್ಟು ಶುಲ್ಕವನ್ನು ತೀರ್ಪು ಬಂದ ಮೇಲೆ ಕಟ್ಟಿದರೆ ಸಾಕು. ದೂರು ಕೊಟ್ಟವರ ಬಾಯಿ ಮುಚ್ಚಿಸಲೆಂದೇ ಹಾಕುವ ಮಾನನಷ್ಟದಂಥ ಮೊಕದ್ದಮೆಗಳನ್ನು ಬೇಗನೆ ವಜಾ ಮಾಡುವ ದಾರಿಯೂ ಅಲ್ಲಿದೆ. ಈ ಕೊನೆಯದು ನಮ್ಮಲ್ಲಿ ತೀರ ಅಗತ್ಯ. ಕಾರ್ಖಾನೆಯ ವಿರುದ್ಧ ಅರ್ಜಿಗೆ ಮೊದಲ ಸಹಿ ಹಾಕಿದವನ ಮೇಲೆ ಮೊದಲ ಕೇಸು ಬೀಳುತ್ತದೆ ಎಂಬುದನ್ನು ಹಳ್ಳಿಯಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ.

ಮೂರನೆಯದು ಗ್ರಾಮ ನ್ಯಾಯಾಲಯ. 2008ರ ಕಾಯ್ದೆ 2009ರ ಗಾಂಧಿ ಜಯಂತಿಯ ದಿನ ಜಾರಿಗೆ ಬಂದಿತು. ನ್ಯಾಯಾಧಿಕಾರಿಗಳು ಹಳ್ಳಿಗಳಿಗೆ ಸುತ್ತಾಡಿ ಅಲ್ಲಿಯೇ ಕಲಾಪ ನಡೆಸಬೇಕು. ಸಿವಿಲ್ ದಾವೆಯ ಶುಲ್ಕ ನೂರು ರೂಪಾಯಿ ಮೀರಬಾರದು. ಆರು ತಿಂಗಳಲ್ಲಿ ತೀರ್ಮಾನವಾಗಬೇಕು. ಅವರ ವ್ಯಾಪ್ತಿಗೆ ಬರುವ ವ್ಯಾಜ್ಯಗಳ ಪಟ್ಟಿಯನ್ನು ಓದಿದರೆ ನಿಮಗೆ ಆಶ್ಚರ್ಯವಾದೀತು: ಸಾಮುದಾಯಿಕ ಹುಲ್ಲುಗಾವಲಿನ ಬಳಕೆ, ಕಾಲುವೆಯ ನೀರಿನ ಪಾಳಿ ಮತ್ತು ಸಮಯ, ನೀರಿನ ಕಾಲುವೆಗಳು, ಬಾವಿ ಮತ್ತು ಕೊಳವೆಬಾವಿಯಿಂದ ನೀರೆತ್ತುವ ಹಕ್ಕು. ನಮ್ಮ ಜಗಳಗಳನ್ನೇ ಕುಳಿತು ಬರೆದಂತಿದೆ! ಆದರೆ ಇವನ್ನು ಸ್ಥಾಪಿಸುವ ಕೆಲಸ ರಾಜ್ಯಗಳಿಗೆ ಬಿಟ್ಟದ್ದು. ದೇಶದ ಬಹುಪಾಲು ತಾಲ್ಲೂಕುಗಳಲ್ಲಿ ಕಾಯ್ದೆ ಪುಸ್ತಕದಲ್ಲೇ ಉಳಿದಿದೆ. ಮತ ಕೇಳಲು ಬಂದವರನ್ನು ರಸ್ತೆ, ಸಮುದಾಯ ಭವನಗಳ ಬಗ್ಗೆ ಕೇಳುವ ನಾವು ಗ್ರಾಮ ನ್ಯಾಯಾಲಯವೆಲ್ಲಿ ಎಂದು ಒಮ್ಮೆಯಾದರೂ ಕೇಳಿದ್ದೇವೆಯೇ?

ಇಲ್ಲಿ ಒಂದು ಕಹಿ ಮಾತನ್ನೂ ಹೇಳಿಬಿಡಬೇಕು. ಕೆರೆಯನ್ನು ಒತ್ತಿದವರೆಲ್ಲ ಪಟ್ಟಣದ ಬಂಡವಾಳಗಾರರಲ್ಲ. ವರ್ಷಕ್ಕೊಂದು ಸಾಲಿನಂತೆ ನೇಗಿಲನ್ನು ಕೆರೆಯೊಳಕ್ಕೆ ಜರುಗಿಸಿದವರು ನಮ್ಮ ನಡುವೆಯೂ ಇದ್ದಾರೆ. ಕೆರೆ ಬತ್ತಿದ ವರ್ಷ ಅಂಗಳದಲ್ಲಿ ಸೌತೆ, ಕಲ್ಲಂಗಡಿ ಹಾಕುವುದು ಹಳೆಯ ರೂಢಿ, ಅದನ್ನು ಯಾರೂ ತಪ್ಪೆನ್ನುವುದಿಲ್ಲ. ಅದಕ್ಕೆ ಬೇಲಿ ಬಿದ್ದು, ಬೇಲಿಗೆ ಕೊಳವೆಬಾವಿ ಬಿದ್ದಾಗ ಮಾತು ಬೇರೆ. 2011ರ ಜನವರಿ 28ರಂದು ಪಂಜಾಬಿನ ಹಳ್ಳಿಯೊಂದರ ಕೊಳದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಬಹುಕಾಲದಿಂದ ಕೂತಿದ್ದೇನೆ, ಬಹಳ ಖರ್ಚು ಮಾಡಿ ಮನೆ ಕಟ್ಟಿದ್ದೇನೆ ಎಂಬುದು ಸಾಮುದಾಯಿಕ ನೆಲದ ಒತ್ತುವರಿಗೆ ಸಮರ್ಥನೆಯಾಗದು ಎಂದು ಖಂಡತುಂಡವಾಗಿ ಹೇಳಿ, ತೆರವಿಗೆ ಯೋಜನೆ ಮಾಡುವಂತೆ ಎಲ್ಲ ರಾಜ್ಯಗಳಿಗೂ ನಿರ್ದೇಶಿಸಿತು. ಭೂಹೀನ ಕೂಲಿಕಾರರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರವೇ ಕೊಟ್ಟ ಭೂಮಿಗೆ, ಶಾಲೆ, ಆಸ್ಪತ್ರೆಗಳು ಆಗಲೇ ಇರುವ ಜಾಗಗಳಿಗೆ ವಿನಾಯಿತಿಯ ಅವಕಾಶವನ್ನೂ ಇಟ್ಟಿತು. ಆ ವಿವೇಕ ಮುಖ್ಯ. ಬುಲ್ಡೋಜರ್ ಹೊರಟರೆ ಅದು ಮೊದಲು ನಿಲ್ಲುವುದು ಎರಡು ಎಕರೆ ಬಗರ್ ಹುಕುಂ ಸಾಗುವಳಿ ಮಾಡಿದವನ ಗುಡಿಸಲಿನ ಮುಂದೆ; ಲೇಔಟಿನ ಗೇಟಿನ ಮುಂದೆ ಅಲ್ಲ. ವಿಶೇಷ ನ್ಯಾಯಾಲಯ ಬೇಕೆಂದು ಕೇಳುವವರು, ಅದರ ನೋಟೀಸು ಯಾರ ಮನೆಗೆ ಮೊದಲು ಬರುತ್ತದೆ ಎಂಬುದನ್ನೂ ಯೋಚಿಸಬೇಕು. ವಾಚನಾಲಯದಲ್ಲಿ ಈ ಪುಟವನ್ನು ಗಟ್ಟಿಯಾಗಿ ಓದುವವರು ಈ ಭಾಗವನ್ನು ಬಿಟ್ಟು ಓದಬಾರದೆಂದು ಕೋರುತ್ತೇವೆ.

ಸುಧಾರಣೆ ಬರುವ ತನಕ ಕೈಕಟ್ಟಿ ಕೂರಬೇಕಾಗಿಲ್ಲ. ಹತ್ತಿರದಲ್ಲೇ ಒಂದು ಬಾಗಿಲಿದೆ, ಬಹಳ ಜನಕ್ಕೆ ಗೊತ್ತಿಲ್ಲ. ಸಾರ್ವಜನಿಕರಿಗೆ ಉಪದ್ರವವಾಗುವ ಹೊಲಸು ನೀರು, ಕಾಲುವೆಯ ಅಡೆತಡೆ ಮುಂತಾದವನ್ನು ತೆಗೆಯುವಂತೆ ತಾಲ್ಲೂಕು ಮತ್ತು ಉಪವಿಭಾಗದ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಆಜ್ಞೆ ಮಾಡಬಹುದು. ಹಿಂದೆ ಇದು ದಂಡಪ್ರಕ್ರಿಯಾ ಸಂಹಿತೆಯ 133ನೆಯ ಕಲಮು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಕಲಮು. ಮಧ್ಯಪ್ರದೇಶದ ರತ್ಲಾಮ್ ಪಟ್ಟಣದ ಜನ ಗಬ್ಬು ಚರಂಡಿ ಮತ್ತು ಸಾರಾಯಿ ಕಾರ್ಖಾನೆಯ ನೀರಿನ ವಿರುದ್ಧ ಇದೇ ಕಲಮಿನ ಮೇಲೆ ಮ್ಯಾಜಿಸ್ಟ್ರೇಟರ ಬಳಿಗೆ ಹೋದರು. ಪುರಸಭೆ ಹಣವಿಲ್ಲವೆಂದಿತು. 1980ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಹಣವಿಲ್ಲವೆಂಬುದು ನೆಪವಾಗದು ಎಂದು ಮ್ಯಾಜಿಸ್ಟ್ರೇಟರ ಆಜ್ಞೆಯನ್ನು ಎತ್ತಿಹಿಡಿದರು.

ಯಾವ ಬಾಗಿಲಿಗೆ ಹೋದರೂ ಬರಿಗೈಯಲ್ಲಿ ಹೋಗಬೇಡಿ. ಗ್ರಾಮ ನಕ್ಷೆಯ ನಕಲು, ಕೆರೆಯ ಸರ್ವೆ ನಂಬರಿನ ಪಹಣಿ, ಆಕಾರ್ ಬಂದ್, ಇವನ್ನು ತಾಲ್ಲೂಕು ಕಚೇರಿಯಿಂದ ಪಡೆದು ಇಟ್ಟುಕೊಳ್ಳಿ. ಗ್ರಾಮಸಭೆಯಲ್ಲಿ ವಿಷಯವನ್ನೆತ್ತಿ ನಡಾವಳಿ ಪುಸ್ತಕದಲ್ಲಿ ನಿರ್ಣಯ ಬರೆಸಿ. ಬಾಯಿಮಾತಿನ ಕೂಗಿಗಿಂತ ಆ ನಾಲ್ಕು ಸಾಲು ಹೆಚ್ಚು ತೂಗುತ್ತವೆ. ಊರಿನ ಪರವಾಗಿ ಇಬ್ಬರು ಮೂವರು ಸೇರಿ ಸಾರ್ವಜನಿಕ ಉಪದ್ರವದ ಸಿವಿಲ್ ದಾವೆ ಹೂಡಲು ಕೋರ್ಟಿನ ಅನುಮತಿ ಕೇಳಬಹುದು, ಇಡೀ ಊರು ಸಹಿ ಹಾಕಬೇಕೆಂದಿಲ್ಲ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ವಕೀಲರ ನೆರವು ಉಚಿತವಾಗಿ ದೊರೆಯುತ್ತದೆ. ಅರ್ಜಿಯ ಮೊದಲ ಹೆಸರು ಯಾರದಿರಬೇಕೆಂದು ಆಲೋಚಿಸುವಾಗ ಇದು ನೆನಪಿರಲಿ. ನೀರಿನ ಮಾದರಿಯನ್ನು ಸೀಸೆಯಲ್ಲಿ ತುಂಬಿ ಮನೆಯಲ್ಲಿಟ್ಟುಕೊಂಡರೆ ಪ್ರಯೋಜನವಿಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಬರೆದು, ಅವರೇ ಬಂದು ಮಾದರಿ ತೆಗೆಯುವಂತೆ ಕೇಳಿ. ಅವರು ಬಾರದಿದ್ದರೆ ನೀವು ಬರೆದ ಪತ್ರವೇ ನಾಳೆ ಸಾಕ್ಷಿ. ಪತ್ರವನ್ನು ಅಂಚೆಯಲ್ಲಿ ಕಳುಹಿಸಿ, ಅದು ತಲುಪಿದ್ದಕ್ಕೆ ಸಿಕ್ಕ ಸ್ವೀಕೃತಿಯನ್ನು ಜೋಪಾನವಾಗಿಡಿ.

ಇನ್ನು ಅಳತೆ. ಬರುವ ಏಪ್ರಿಲಿನಲ್ಲಿ ನೀರು ತಳ ಕಂಡ ಕೂಡಲೇ ಸರ್ವೆಯರನ್ನು ಕರೆಸುವಂತೆ ತಹಸೀಲ್ದಾರರಿಗೆ ಈಗಲೇ ಅರ್ಜಿ ಕೊಟ್ಟಿರಿ. ಬೇಸಿಗೆಯಲ್ಲಿ ಕೊಟ್ಟ ಅರ್ಜಿಗೆ ಸರ್ವೆಯರು ಬರುವುದು ಮಳೆಗಾಲದಲ್ಲಿ. ಅಳತೆಯ ದಿನ ನೀರಗಂಟಿಯೂ, ಹಳೆಯ ತೋಟಿ ತಳವಾರರ ಮನೆಯ ಹಿರಿಯರೂ ಜೊತೆಗಿರಲಿ. ಕಲ್ಲೆಲ್ಲಿತ್ತೆಂದು ಅವರಿಗೆ ಗೊತ್ತು. ಆ ದಿನವೇ ಛಾಯಾಚಿತ್ರ ತೆಗೆಸಿ ತಾರೀಖು ಬರೆಯಿರಿ. ಮೀನು ತೇಲಿದ ದಿನ, ಕೊಳವೆ ಕಂಡ ದಿನ, ಮೊದಲ ಲಾರಿ ಮಣ್ಣು ಸುರಿದ ದಿನ, ಇವುಗಳಲ್ಲಿ ಯಾವುದು ಮೊದಲೋ ಅಲ್ಲಿಂದ ಆರು ತಿಂಗಳು ಎಣಿಸಿ, ಆ ತಾರೀಖಿಗೆ ವಾಚನಾಲಯದ ಗೋಡೆಯ ಕ್ಯಾಲೆಂಡರಿನಲ್ಲಿ ಎಲ್ಲರಿಗೂ ಕಾಣುವಂತೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ.